ಆರೂವರೆಯ ಅಕ್ಕ

೯ ಮಾರ್ಚ್ ೧೯೯೪
ಬುಧವಾರ

ಪ್ರೀತಿಯ ಪಾಪಚ್ಚಿಗೆ ಅಕ್ಕನ ಆಶೀರ್ವಾದಗಳು.

ನಾನಿಲ್ಲಿ ಕ್ಷೇಮ. ಮಂಡಿನೋವು ಹೋಗುವ ಯೋಚನೆಯಲ್ಲಿಲ್ಲ, ನಾನೂ ಹೋಗು ಅನ್ನುವುದನ್ನು ಬಿಟ್ಟಿದ್ದೇನೆ. ನಿನ್ನ ಪತ್ರ ಬಂದು ಐದು ವಾರವಾಯಿತು. ಲೋಕಕ್ಕೆಲ್ಲ ಉತ್ತರ ಕೊಡುವವಳು ತಂಗಿಗೆ ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಾಳೆ ಎಂದು ಬೈದುಕೊಂಡಿರುತ್ತೀಯ. ಬೈಯಿ. ಐವತ್ತು ದಾಟಿದ ಮೇಲೂ ನಿನ್ನನ್ನು ಪಾಪಚ್ಚಿ ಎಂದು ಕರೆಯುವವಳು ನಾನೊಬ್ಬಳೇ ಉಳಿದಿರುವುದು. ಅದಕ್ಕಾಗಿಯಾದರೂ ತಡವಾದದ್ದನ್ನು ಹೊಟ್ಟೆಗೆ ಹಾಕಿಕೊ.

ನೀನು ಕೇಳಿದ್ದು ಒಂದೇ ಮಾತು. ರೇಡಿಯೋದ ಕನ್ನಡ ವಿಭಾಗ ಮುಚ್ಚಿದ ಮೇಲೆ ಆ ದೇಶದಲ್ಲಿ ನಿನಗೇನು ಕೆಲಸ, ನಮ್ಮ ಮಹಡಿಯ ಕೋಣೆ ಖಾಲಿ ಇದೆ, ಬಂದು ಇದ್ದುಬಿಡು, ಹೂಂ ಎಂದು ಒಂದು ಸಾಲು ಬರೆದರೆ ಬಣ್ಣ ಹೊಡೆಸುತ್ತೇವೆ ಎಂದಿದ್ದೀಯ. ಹೂಂ ಅನ್ನಲೋ ಉಹೂಂ ಅನ್ನಲೋ ತಿಳಿಯದೆ ನಾಲ್ಕು ಹಾಳೆ ಹರಿದು ಹಾಕಿದ್ದೇನೆ. ಇದು ಐದನೆಯದು.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ಈ ತಿಂಗಳ ಮೂವತ್ತೊಂದು ನಮ್ಮ ಕೊನೆಯ ಪ್ರಸಾರ. ಆಮೇಲೆ ಸಂಜೆಯ ಆ ಅರ್ಧ ಗಂಟೆಗೆ ಬರೀ ವಾದ್ಯಸಂಗೀತವಂತೆ. ಮೇಲಿನವರು ಕರೆದು, ಚಹಾ ಕೊಟ್ಟು, ಹನ್ನೊಂದು ನಿಮಿಷದಲ್ಲಿ ಮಾತು ಮುಗಿಸಿದರು. ಎಷ್ಟು ನಿಮಿಷವಾಯಿತು ಎಂದು ನೋಡಿಕೊಳ್ಳುವ ಚಾಳಿ ನನಗೆ ಅಲ್ಲೂ ಬಿಡಲಿಲ್ಲ.

ಇಪ್ಪತ್ತಾರು ವರ್ಷವಾಯಿತು, ಪಾಪಚ್ಚಿ. ಬಂದ ಹೊಸದರಲ್ಲಿ ಆ ಸ್ಟುಡಿಯೋ ಕಂಡರೆ ನನಗೆ ಉಸಿರು ಕಟ್ಟುತ್ತಿತ್ತು. ಕಿಟಕಿಯಿಲ್ಲ, ಗೋಡೆಗೆಲ್ಲ ದಪ್ಪ ಬಟ್ಟೆ, ಕಾಗದ ಸರಿದರೂ ಸದ್ದಾಗದಂತೆ ಮೇಜಿನ ಮೇಲೆ ಹಸಿರು ಕಂಬಳಿ. ಕೆಂಪು ದೀಪ ಹತ್ತಿತೆಂದರೆ ಬಳೆ ಸದ್ದಾಗುವಂತಿಲ್ಲ. ಕೈಗೆ ಕರವಸ್ತ್ರ ಸುತ್ತಿಕೊಂಡು ಕೂರುತ್ತಿದ್ದೆ. ಅದನ್ನು ಬರೆದಾಗ ಅಮ್ಮ, ನಿನ್ನ ಬಾಯಿ ಕಟ್ಟೋಕೆ ನನ್ನ ಕೈಲಿ ಆಗಲಿಲ್ಲ, ಅವರು ಕೈಯನ್ನಾದರೂ ಕಟ್ಟಿದರಲ್ಲ ಎಂದು ನಿನ್ನ ಕೈಲಿ ಬರೆಸಿದ್ದಳು. ಆ ಕಾಗದ ಇನ್ನೂ ಇದೆ.

ನಮ್ಮ ಟೇಪಿನಜ್ಜನ ವಿಷಯ ಹಿಂದೆಯೂ ಬರೆದಿದ್ದೇನೆ. ಗಾಜಿನ ಆಚೆ ಕೂತು ಯಂತ್ರ ನೋಡಿಕೊಳ್ಳುವವರು. ಕನ್ನಡ ಒಂದಕ್ಷರ ಬಾರದು, ಆದರೆ ನಾನು ತಪ್ಪಿದರೆ ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು. ನನ್ನ ಕೆಮ್ಮು, ಸೀನು, ತೊದಲು ಎಲ್ಲವನ್ನೂ ಬ್ಲೇಡಿನಿಂದ ಕತ್ತರಿಸಿ ಟೇಪು ಅಂಟಿಸುತ್ತಿದ್ದರು. ಹೋದ ವಾರ ಒಂದು ಡಬ್ಬಿ ಕೊಟ್ಟರು. ಕತ್ತರಿಸಿದ ಚೂರುಗಳನ್ನೆಲ್ಲ ಎತ್ತಿಟ್ಟು ಜೋಡಿಸಿದ್ದಾರೆ, ಮಾರಾಯ್ತಿ. ನಲವತ್ತು ನಿಮಿಷ ನಾನು ಕೆಮ್ಮುತ್ತೇನೆ, ಸೀನುತ್ತೇನೆ, ಒಂದೆಡೆ ನನ್ನ ನಾಲಗೆಗೆ ನಾನೇ ಶಾಪ ಹಾಕಿಕೊಳ್ಳುತ್ತೇನೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ನಾಲಗೆ ಒಳ್ಳೆಯದಿದ್ದರೆ ನಾಡೆಲ್ಲ ಒಳ್ಳೆಯದು ಎನ್ನುತ್ತಾರಲ್ಲ, ನನ್ನ ಪಾಲಿಗೆ ಅದು ನಿಜವಾಯಿತು. ನನ್ನದೇನು ವಾರ್ತೆಯೇ, ಹರಟೆ ಮತ್ತು ಕೇಳುಗರ ಕಾಗದಕ್ಕೆ ಉತ್ತರ. ಆದರೂ ಕಾಗದ ಮೂಟೆಗಟ್ಟಲೆ ಬರುತ್ತಿತ್ತು, ‘ಆರೂವರೆಯ ಅಕ್ಕನಿಗೆ’ ಎಂದು. ಹಿಟ್ಟಿನ ಗಿರಣಿಯವರೊಬ್ಬರು ನನ್ನ ದನಿ ಬಂದ ಕೂಡಲೇ ಗಿರಣಿ ನಿಲ್ಲಿಸುತ್ತಿದ್ದರಂತೆ, ಸಾಲಿನಲ್ಲಿ ನಿಂತ ಹೆಂಗಸರು ನನಗೆ ಹಿಡಿಶಾಪ ಹಾಕುತ್ತಿದ್ದರಂತೆ. ಇನ್ನೊಬ್ಬ ಮಹಾಶಯರು ಮದುವೆಯಾಗಿಲ್ಲದಿದ್ದರೆ ತಿಳಿಸಿ ಎಂದು ಬರೆದಾಗ ನನಗೆ ನಲವತ್ತೆಂಟು. ಫೋಟೋ ಕೇಳಲಿಲ್ಲ, ಪುಣ್ಯಾತ್ಮರು.

ಈಗ ಹೋಗುವ ಹೊತ್ತಿಗೆ ಒಂದು ಒಳಗುಟ್ಟನ್ನೂ ಹೇಳಿಬಿಡುತ್ತೇನೆ. “ನಿಮ್ಮಲ್ಲಿ ಈಗ ಸರಿಯಾಗಿ ಸಂಜೆ ಆರೂವರೆ, ಇದೀಗ ತಾನೇ ಬಂದು ಕೂತಿದ್ದೇನೆ” ಎಂದು ನಾನು ಶುರು ಮಾಡುತ್ತಿದ್ದದ್ದು ಎಷ್ಟೋ ಸಲ ಹಿಂದಿನ ದಿನವೇ ರೆಕಾರ್ಡ್ ಆಗಿರುತ್ತಿತ್ತು. ರಜೆ ಬೇಕಾದರೆ ಮೂರು ಸಂಜೆಯದನ್ನು ಒಂದೇ ಮಧ್ಯಾಹ್ನ ಮಾತಾಡಿಟ್ಟು ಹೋಗುತ್ತಿದ್ದೆ. ಇಲ್ಲದ ಸಂಜೆಯನ್ನು ಇದೆ ಅನ್ನಿಸುವುದರಲ್ಲಿ ಇಡೀ ಕಟ್ಟಡದಲ್ಲಿ ನನ್ನ ಸಮ ಯಾರೂ ಇರಲಿಲ್ಲ. ಅದರ ಬಗ್ಗೆ ನನಗೆ ಬಹಳ ಜಂಬವಿತ್ತು.

ಅಮ್ಮನಿಗೆ ರೇಡಿಯೋ ಎಂದರೆ ನಾನೇ. ಸಂಜೆ ಅದರ ಮುಂದೆ ಕೂತು, ಕೆಮ್ಮು ಬಂದರೆ ನನಗೆ ತೊಂದರೆಯಾಗುತ್ತದೆ ಎಂದು ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದಳು ಎಂದು ನೀನೇ ಬರೆದಿದ್ದೆ. ಅವಳು ಹೋದ ಮರುದಿನ ನಾನು ಬಂದಿಳಿದಾಗ ನೀನು ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡು, “ನಿನ್ನ ದನಿ ಕೇಳ್ತಾ ಕೇಳ್ತಾನೇ ನಿದ್ದೆ ಹೋದ ಹಾಗೆ ಹೋದ್ಲು ಕಣಕ್ಕಾ, ನೆಮ್ಮದಿಯಾಗಿ” ಎಂದೆ. ಮುಖ ನೋಡಲಾಗದಿದ್ದರೂ ದನಿಯಾದರೂ ತಲುಪಿತಲ್ಲ ಎಂದು ಆ ಒಂದು ಮಾತನ್ನು ಒಂಬತ್ತು ವರ್ಷ ಊಟದ ಹಾಗೆ ಉಂಡಿದ್ದೇನೆ.

ಮಹಡಿ ಕೋಣೆಯ ಬಗ್ಗೆ ಬರೆಯಲು ಕೂತರೆ ಪೆನ್ನು ಹೀಗೆ ಇನ್ನೆಲ್ಲಿಗೋ ಹೋಗುತ್ತದೆ. ಬರಲು ಮನಸ್ಸಿಲ್ಲವೆಂದು ಮಾತ್ರ ತಿಳಿಯಬೇಡ. ಈ ಬಾಡಿಗೆ ಮನೆಯಲ್ಲಿ ಪಕ್ಕದವರ ನಲ್ಲಿಯ ಸದ್ದು ಬಿಟ್ಟರೆ ನನಗೆ ಜೊತೆ ಯಾರಿದ್ದಾರೆ? ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ತಿಳಿಸು. ಅವರ ಸಕ್ಕರೆ ಕಾಯಿಲೆಗೆ ನಿನ್ನ ಕೈರುಚಿಯೇ ಕಾರಣವೆಂದು ನಾನು ಹೇಳಿದೆನೆಂದು ಹೇಳಬೇಡ. ನೀವಿಬ್ಬರೂ ನೂರು ಕಾಲ ಚೆನ್ನಾಗಿರಿ. ನಿನ್ನ ಮನೆಯ ದೀಪ ಬೆಳಗುತ್ತಿರಲಿ, ತಾಯಿ.

ನಿನ್ನ
ಅಕ್ಕ

ಮ.ಮಾ.: ಲಕೋಟೆಗೆ ಅಂಟು ಹಚ್ಚಿ, ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ.

ನಿನ್ನ ಪತ್ರ ಬಂದ ಮರುದಿನ ಆಫೀಸಿಗೆ ಇನ್ನೊಂದು ಕಾಗದ ಬಂತು. ಕೊನೆಯಲ್ಲಿ ಅಮ್ಮನನ್ನು ನೋಡಿಕೊಂಡ ನರ್ಸಮ್ಮನದು. ವಿಭಾಗ ಮುಚ್ಚುತ್ತದೆಂದು ಕೇಳಿ, ನನ್ನನ್ನು ಹೊಗಳಲೆಂದೇ ಬರೆದಿದ್ದಾರೆ, ಪಾಪ. ಆ ಸಂಜೆ ನೀನು ನನ್ನ ಟೆಲಿಗ್ರಾಮು ಹಿಡಿದುಕೊಂಡು, ಅಕ್ಕ ಹೊರಟಿದ್ದಾಳೆ, ಬೆಳಿಗ್ಗೆ ಬಂದುಬಿಡುತ್ತಾಳೆ, ತಡೆದುಕೊ ಎನ್ನುತ್ತಿದ್ದೆಯಂತೆ. ಅಷ್ಟರಲ್ಲಿ ರೇಡಿಯೋದಲ್ಲಿ ನಾನು ಬಂದೆ, ಇದೀಗ ತಾನೇ ಬಂದು ಕೂತಿದ್ದೇನೆ ಎಂದು. ಅಮ್ಮ ನಿನ್ನ ಕಡೆ ನೋಡಿ, “ಅಲ್ಲೇ ಕೂತು ಮಾತಾಡ್ತಿದಾಳಲ್ಲೇ. ಸಾಯೋಳ ಹತ್ರ ಯಾಕೆ ಸುಳ್ಳು ಹೇಳ್ತೀಯ?” ಎಂದು ಗೋಡೆಗೆ ಮುಖ ಮಾಡಿದಳಂತೆ. ಆಮೇಲೆ ನಿನ್ನ ಕೈಯಿಂದ ನೀರು ಸಹ ಕುಡಿಯಲಿಲ್ಲವಂತೆ. ‘ನಿಮ್ಮ ದನಿಯಲ್ಲಿ ಅಷ್ಟು ಜೀವ ಇತ್ತು ನೋಡಿ ಅಕ್ಕಾ’ ಎಂದು ಮುಗಿಸಿದ್ದಾರೆ.

ಅಂದು ಅಮ್ಮನನ್ನು ನೋಡಲು ಹೊರಡುವ ಮುಂಚೆ ಟೇಪಿನಜ್ಜ, ಆ ಮೂರು ದಿನ ಸಂಗೀತ ಹಾಕೋಣ, ನೀನು ರಜೆಯಲ್ಲಿದ್ದೀಯೆಂದು ಹೇಳೋಣ ಎಂದಿದ್ದರು. ನಾನು ಕೇಳಲಿಲ್ಲ, ಮೂರು ಸಂಜೆಯದನ್ನೂ ಮಾತಾಡಿಟ್ಟೇ ಹೊರಟೆ. ನನ್ನ ಅರ್ಧ ಗಂಟೆ ಒಂದು ದಿನವೂ ಬೇರೆಯವರದಾಗಬಾರದೆಂಬ ಹಟ ನನಗೆ. ಅಮ್ಮನ ಕೊನೆಯ ಮಾತಿನಲ್ಲಿ ನಿನ್ನನ್ನು ಸುಳ್ಳಿ ಮಾಡಿದವಳು ನಾನು. ನೀನು ಮರುದಿನ ನನ್ನ ಮುಖ ನೋಡಿ, ನೆಮ್ಮದಿಯಾಗಿ ಹೋದಳು ಎಂದೆ. ಒಂಬತ್ತು ವರ್ಷ ಒಂದು ಕಾಗದದಲ್ಲೂ ಬಾಯಿ ಬಿಡಲಿಲ್ಲ.

ನೀನು ಬಾ ಎಂದು ಕರೆದದ್ದು ಇದು ನನಗೆ ಗೊತ್ತಿಲ್ಲದಾಗ. ಈಗ ಗೊತ್ತಾಗಿದೆ. ಅದಕ್ಕೇ ನಾನೇ ಕೇಳುತ್ತಿದ್ದೇನೆ.

ಬರಲಾ, ಪಾಪಚ್ಚಿ?