ನಿನ್ನ ಟ್ಯಾಬ್ ಮುಟ್ಟಿದ್ದು ನಾನೇ

ಪುಟ್ಟಿ,

ಈ ಮನೆಯ ಇತಿಹಾಸದಲ್ಲೇ ಅತಿ ಗಂಭೀರವಾದ ಸಂಗತಿಯೊಂದನ್ನು ತಿಳಿಸುತ್ತಿದ್ದೇನೆ: ನಿನ್ನ ಟ್ಯಾಬ್ ಮುಟ್ಟಿದ್ದು ನಾನೇ.

ಮೂವತ್ತು ವರ್ಷ ವಿಮಾನ ಹಾರಿಸಿದ ನಾನು, ನಕ್ಷೆಗಳ ಹೆಣಭಾರದ ಪೆಟ್ಟಿಗೆ ಹೊತ್ತು ಭುಜ ಸೊಟ್ಟ ಮಾಡಿಕೊಂಡವನು. ತಿಂಗಳಿಗೊಮ್ಮೆ ಅವನ್ನು ಊಟದ ಮೇಜಿನ ತುಂಬ ಹರಡಿಕೊಂಡು ಹಳೇ ಹಾಳೆ ತೆಗೆದು ಹೊಸದು ಸೇರಿಸುತ್ತಿದ್ದೆ. "ಇವತ್ತೂ ನೆಲದ ಮೇಲೇ ಊಟವಾ, ಕ್ಯಾಪ್ಟನ್ನರೇ?" ಅನ್ನುತ್ತಿದ್ದಳು ನಿಮ್ಮಮ್ಮ. ಈಗ ವಿಮಾನ ಹಾರಿಸುವ ನಿನಗೋ, ಹಲ್ಲುಜ್ಜಿ ಬರುವಷ್ಟರಲ್ಲಿ ಟ್ಯಾಬಿನೊಳಗೆ ಎಲ್ಲ ತಾನಾಗಿಯೇ ಬದಲಾಗಿರುತ್ತದೆ. ಹೊಟ್ಟೆ ಉರಿಯದೆ ಇನ್ನೇನಾದೀತು?

ಒಂದೇ ಒಂದು ನಕ್ಷೆ ನೋಡೋಣವೆಂದು ಪಾಸ್‌ವರ್ಡ್ ಊಹಿಸಿದೆ. ನಿನ್ನ ಹುಟ್ಟಿದ ದಿನ, ಅಮ್ಮನದು, ಕೊನೆಗೆ ನಾಚಿಕೆ ಬಿಟ್ಟು ನನ್ನದು. ಲಾಕ್ ಆಯಿತು.

ಮಧ್ಯಾಹ್ನ ಎರಡಕ್ಕೆ ನಿನ್ನ ವಿಮಾನ. ಬೇಗ ಹೊರಟು ಆಫೀಸಿನಲ್ಲಿ ತೆರೆಸಿಕೋ. ಚಾರ್ಜ್ ತುಂಬಿಸಿಟ್ಟಿದ್ದೇನೆ. ನೀನು ಹೊರಡುವವರೆಗೂ ನಾನು ವಾಕಿಂಗಿನಲ್ಲಿರುತ್ತೇನೆ.

ನಕ್ಷೆ ಮಾತ್ರ ನನಗೆ ನೋಡಲು ಸಿಗಲಿಲ್ಲ.

ಅಪ್ಪ