ಸೀಳುಬೇವಿನ ಗುರುತು

ಗೋಕಾಕ
ಶನಿವಾರ, ೧೮ ಜನವರಿ ೨೦೨೫

ಪ್ರೀತಿಯ ಮೊಮ್ಮಗಳು ಆಮ್ರಪಾಲಿಗೆ,

ನಿನ್ನ ಕೆಮ್ಮು ಕಡಿಮೆಯಾಯಿತೆ? ಖಾನಾಪುರದ ಕಾಡಿನಲ್ಲಿ ಚಳಿ ಬಲವೆಂದು ಕೇಳಿದ್ದೇನೆ. ಮಂಗಟ್ಟೆ ಹಕ್ಕಿಯ ಚಿತ್ರ ಬರೆಯಲು ನಸುಕಿನಲ್ಲಿ ಕುಳಿತಾಗ ಕಿವಿಗೆ ಬಟ್ಟೆ ಕಟ್ಟಿಕೊ. ಅಲ್ಲಿ ದೂರವಾಣಿ ಕೆಲಸ ಮಾಡದ ಕಾರಣ ಈ ಪತ್ರ. ನನಗಂತೂ ಇದೇ ಹಿತ. ನಿನ್ನ ಅಜ್ಜಿ ಕೆಂಪವ್ವ ಆರೋಗ್ಯವಾಗಿದ್ದಾಳೆ, ನಿನ್ನ ಬಣ್ಣದ ಡಬ್ಬಿಗಳ ನಡುವೆಯೇ ಹಪ್ಪಳ ಒಣಗಿಸುತ್ತಾಳೆ.

ಹುಕ್ಕೇರಿಯ ಪ್ರದರ್ಶನಕ್ಕೆಂದು ನೀನು ಬಿಟ್ಟುಹೋದ ಚಿತ್ರಗಳಲ್ಲಿ ತೋಳದ ಚಿತ್ರವನ್ನು ದಿನವೂ ನೋಡುತ್ತೇನೆ. ತಾಯಿ, ಮೂರು ಮರಿಗಳು, ಗವಿಯ ಬಾಯಿ, ಸಿಡಿಲಿಗೆ ಸೀಳಿದ ಬೇವಿನ ಮರ. ಕಂಡದ್ದನ್ನು ಕಂಡಂತೆಯೇ ಬರೆಯಬೇಕೆಂದು ಚಿಕ್ಕಂದಿನಲ್ಲಿ ನಿನಗೆ ಹೇಳಿದವನು ನಾನೇ. ಸಭಾಂಗಣದ ಮುಖ್ಯ ಗೋಡೆ ಆ ಚಿತ್ರಕ್ಕೇ ಮೀಸಲೆಂದು ತಿಳಿದು ಹಿಗ್ಗಿದ್ದೆ.

ಗುರುವಾರ ಮೂಡಲಗಿ ಕಡೆಯಿಂದ ಕುಲಗೋಡದ ಕುರಿಗಾರ ಬೀರಸಿದ್ದಪ್ಪ ಕಂಬಳಿ ಕೊಡಲು ಬಂದಿದ್ದ. ಸಾಲೆಯಲ್ಲಿ ನನ್ನ ಶಿಷ್ಯನಾಗಿದ್ದವನು. ಚಿತ್ರ ನೋಡಿ ನಗುತ್ತಿದ್ದವನು ಥಟ್ಟನೆ ಗಂಭೀರನಾದ.

“ಮಾಸ್ತರ್ರ, ಇದು ನಮ್ಮ ಗುಡ್ಡ ಅಲ್ಲೇನ್ರಿ? ಇಂಥಾ ಸೀಳಿದ ಗಿಡಾ ಸುತ್ತ ಹತ್ತ ಊರಾಗ ಒಂದ ಐತಿ. ನಿಮ್ಮ ಮೊಮ್ಮಗಳು ಗವಿ ಪತ್ತೇನ ಬರದಾಳಲ್ರಿ!”

ಈ ಚಳಿಗಾಲದಲ್ಲಿ ಅವನ ಎರಡು ಕುರಿಮರಿಗಳು ತೋಳಕ್ಕೆ ಹೋಗಿವೆ. “ಅದು ಅದರ ಪಾಲ ಅಂತ ನಾವ ಬಿಡ್ತೀವ್ರಿ, ಹಿರ್ಯಾರ ಕಾಲದಿಂದ ಬಂದೈತಿ. ಎಲ್ಲಾರೂ ಬಿಡ್ತಾರೇನ್ರಿ? ಗವಿಗೆ ಹೊಗಿ ಹಾಕಿ ಮರಿ ಮುಗಸ್ತಾರ” ಎಂದ. ಅಡುಗೆಮನೆಯಿಂದ ಕೆಂಪವ್ವ ಚುಚ್ಚಿದಳು: “ಎಲ್ಲಾ ತೋರಸಾಕ ಕಲಿಸಿದ್ರಿ, ಒಂದೀಟ ಮುಚ್ಚಾಕ ಕಲಿಸಲಿಲ್ಲ.”

ನಿನ್ನನ್ನು ಕೇಳದೆ ಚಿತ್ರವನ್ನು ತಡೆಯುವುದು ತಪ್ಪು. ಕಳುಹಿಸುವುದು ಇನ್ನೂ ದೊಡ್ಡ ತಪ್ಪು. ಒಯ್ಯುವವರು ಮುಂದಿನ ಶುಕ್ರವಾರ ಬರುತ್ತಾರೆ. ಅಷ್ಟರೊಳಗೆ ನಿನ್ನ ನಿರ್ಧಾರವನ್ನು ತಿಳಿಸು.

ಮೈತ್ರಿ, ಕರುಣೆಗಳು ನಿನ್ನ ಜೊತೆಗಿರಲಿ.

ನಿನ್ನ ಅಜ್ಜ,
ಮಾಯಪ್ಪ

ಮರೆತ ಮಾತಲ್ಲ, ಈಗ ನಡೆದದ್ದು: ಶುಕ್ರವಾರ ಬರಬೇಕಿದ್ದ ಹುಕ್ಕೇರಿಯ ವಾಹನ, ಲಕೋಟೆ ಅಂಟಿಸುವ ಮೊದಲೇ, ಇಂದೇ ಬಾಗಿಲಿಗೆ ಬಂತು. ಒಯ್ಯುವವರಿಗೆ ಕೆಂಪವ್ವ ಚಹಾ, ಅವಲಕ್ಕಿ ಕೊಟ್ಟು ಒಂದು ತಾಸು ಕೂರಿಸಿದಳು. ಅಷ್ಟರಲ್ಲಿ ನಾನು ಒಳಗೆ ನಿನ್ನದೇ ಬಣ್ಣದಿಂದ ಬೇವಿನ ಮರವನ್ನು ಅಳಿಸಿದೆ, ಗವಿಯ ಬಾಯನ್ನು ಹುಲ್ಲಿನಿಂದ ಮುಚ್ಚಿದೆ. ಅವಸರದಲ್ಲಿ ಆಕಾಶದ ಬಣ್ಣ ಒಂದೆಡೆ ದಪ್ಪವಾಗಿದೆ. ತಾಯಿ, ಮರಿಗಳನ್ನು ಮುಟ್ಟಿಲ್ಲ. ಬಣ್ಣ ಹಸಿಯಿದ್ದಾಗಲೇ ಒಯ್ದರು. ನಿನ್ನ ಹೆಸರಿರುವ ಚಿತ್ರದಲ್ಲಿ ನನ್ನ ಸುಳ್ಳು ಸೇರಿದೆ. ಎಷ್ಟು ಬೇಕಾದರೂ ಸಿಟ್ಟಾಗು, ಆದರೆ ಹೋಳಿ ಹುಣ್ಣಿಮೆಯವರೆಗೆ ತಿದ್ದಬೇಡ. ಅಷ್ಟರಲ್ಲಿ ಮರಿಗಳು ತಾಯಿಯ ಹಿಂದೆ ಓಡಲು ಕಲಿತಿರುತ್ತವೆ.