ಕೆಳಗೆ ನಿಂತವನ ಭಾರ

ಮಾರ್ಚ್ 5, ಮಂಗಳವಾರ

ಅನಿಮೇಷನ್ ಕ್ಲಾಸಿನಲ್ಲಿ ಇವತ್ತೂ ಚೆಂಡೇ. ಗ್ರಂಥಾಲಯದ ನೆಲಮಾಳಿಗೆ, ಏಳು ಜನ, ಹಾಳೆಯ ಮೇಲೆ ಹಾಳೆ. ಸೆಕೆಂಡಿಗೆ ಹನ್ನೆರಡು ಚಿತ್ರ. ಒಂದೇ ಗಾತ್ರದ ಎರಡು ಚೆಂಡು — ಒಂದು ಕಲ್ಲು, ಇನ್ನೊಂದು ಬಲೂನು. ಎರಡೂ ಬೀಳಬೇಕು.

ನನ್ನ ಕಲ್ಲು ತೇಲಿತು. ಎಲ್ಲರೂ ನಕ್ಕರು.

ಕಲಿಸುವವಳು ಸೊಲೆನ್, ನನ್ನ ಮಗಳಾಗುವ ವಯಸ್ಸು. "ಭಾರ ಗೆರೆಯಲ್ಲಿ ಇಲ್ಲ, ರೆಜಾನ್. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಜಾಗ ಬಿಡ್ತೀರಿ, ಅದರಲ್ಲಿದೆ."

ಮೂವತ್ತೊಂದು ವರ್ಷ ಮಾಂಟ್ರಿಯಲ್‌ನ ಹೊರಮೆಟ್ಟಿಲುಗಳಲ್ಲಿ ಪಿಯಾನೋ ಇಳಿಸಿದವನು ನಾನು. ಇನ್ನೊಂದು ಹಾಳೆ ಎಳೆದುಕೊಂಡೆ.

ಮಾರ್ಚ್ 12

ಕಲ್ಲು ಕಲ್ಲಾಯಿತು! ಬಿದ್ದು, ಒಮ್ಮೆ ಮಿಸುಕಿ, ಸುಮ್ಮನಾಯಿತು.

ಇನ್ನು ಪ್ರತಿಯೊಬ್ಬರೂ ನಾಲ್ಕು ಸೆಕೆಂಡಿನ ದೃಶ್ಯ ಮಾಡಬೇಕು. ನಲವತ್ತೆಂಟು ಚಿತ್ರ. ನನ್ನದು — ಸುರುಳಿ ಮೆಟ್ಟಿಲು, ಪಿಯಾನೋ, ಇಬ್ಬರು. ಮೇಲೆ ನಾನು, ಕೆಳಗೆ ನಾರ್ಮಾಂ. ಅಣ್ಣ ಯಾವಾಗಲೂ ಕೆಳಗೇ. "ನಿನಗೆ ಬಾಯಿ ಇದೆ, ನನಗೆ ಬೆನ್ನಿದೆ. ಬಾಯಿ ಮುಚ್ಕೊಂಡು ಇಳಿಸೋ" ಎನ್ನುತ್ತಿದ್ದ.

ಒಂಬತ್ತು ವರ್ಷವಾಯಿತು. ಪಿಯಾನೋಗೆ ಕಟ್ಟಿದ್ದ ಪಟ್ಟಿ ಹರಿದು ಅವನ ಮಂಡಿ ಪುಡಿಯಾದಂದಿನಿಂದ ಮಾತಿಲ್ಲ.

ಮಾರ್ಚ್ 19

"ಇಬ್ಬರೂ ಒಂದೇ ಥರ ನಿಂತಿದ್ದಾರಲ್ಲ. ಪಿಯಾನೋ ಯಾರ ಮೇಲಿದೆ?" — ಸೊಲೆನ್.

ಮೇಜು ಎತ್ತಿ ತೋರಿಸಿದೆ. ಮೊದಲು ಸೊಂಟ ತಗ್ಗಬೇಕು, ಆಮೇಲೆ ಮಂಡಿ, ಕಾಲು ಕೊನೆಗೆ. ಭುಜ ಲಟ್ ಎಂದಿತು. ಪಕ್ಕದ ಮಾರ್ಗೊ ಕೂಗಿದಳು: "ಅಯ್ಯೋ ಅಜ್ಜಾ, ಕ್ಲಾಸ್ ಬಿಟ್ಟು ಆಸ್ಪತ್ರೆಗೆ ಓಡಿಸ್ಬೇಡಿ ನಮ್ಮನ್ನ!"

ಮನೆಯಲ್ಲಿ ನಾರ್ಮಾಂನನ್ನು ಮತ್ತೆ ಬರೆದೆ. ಸೊಂಟ ತಗ್ಗಿಸಿದೆ. ಕತ್ತಿನ ನರ ಎಳೆದೆ. ಮಧ್ಯಾಹ್ನಗಳಲ್ಲಿ ಅರ್ಧ ಇಳಿಸಿದ ಸಾಮಾನಿನ ಪಕ್ಕ ಕೂತು ಒಂದೇ ಫ್ಲಾಸ್ಕಿನಿಂದ ಬಟಾಣಿ ಸೂಪು ಕುಡಿಯುತ್ತಿದ್ದೆವು. ಅವನ ಮೀಸೆಗೆ ಅಂಟಿದ್ದನ್ನು ನಾನು ಹೇಳುತ್ತಿರಲಿಲ್ಲ — ಸಂಜೆವರೆಗೂ ಹಾಗೇ ಓಡಾಡಲಿ ಅಂತ.

ಬರೆಯುವಾಗ ಹತ್ತಿರ ಬರುತ್ತಾನೆ. ಪೆನ್ಸಿಲ್ ಇಟ್ಟರೆ...

ಏಪ್ರಿಲ್ 2

ಪರದೆಯ ಮೇಲೆ ಓಡಿಸಿದರು. ಕೆಳಗಿನವನು ಭಾರ ಹೊತ್ತ, ನಿಜವಾಗಿ ಹೊತ್ತ. ಯಾರೂ ನಗಲಿಲ್ಲ.

ಸೊಲೆನ್ ಮೂವತ್ತೊಂದನೆಯ ಚಿತ್ರದಲ್ಲಿ ನಿಲ್ಲಿಸಿದಳು. "ಭಾರ ಇನ್ನೂ ಇಬ್ಬರ ಮೇಲೂ ಇದೆ. ಮೇಲಿನವನ ಬೆರಳು ಯಾಕೆ ಬಿಚ್ಕೊಂಡಿವೆ? ಕೈತಪ್ಪಿ ಬರೆದ್ರಾ?"

"ಹೌದು, ಕೈತಪ್ಪು" ಎಂದೆ.

ಏಪ್ರಿಲ್ 11

ಮಂಗಳವಾರ ಹೋಗಲಿಲ್ಲ. ಮೂವತ್ತೊಂದನ್ನು ಒಂಬತ್ತು ಸಲ ಬರೆದೆ, ಬೆರಳು ಮುಚ್ಚಿ. ಪ್ರತಿ ಸಲವೂ ಸುಳ್ಳೆನಿಸಿತು.

ಪಟ್ಟಿ ಹರಿದಿರಲಿಲ್ಲ. ಭುಜ ಉರಿಯುತ್ತಿತ್ತು. ಬಿಟ್ಟೆ. ಒಂದೇ ಕ್ಷಣ.

ಇಲ್ಲಿ, ಯಾರೂ ಓದದ ಈ ದಿನಚರಿಯಲ್ಲೂ, ಪಟ್ಟಿ ಎಂದೇ ಬರೆದಿದ್ದೆನಲ್ಲ.

ಏಪ್ರಿಲ್ 13, ಶನಿವಾರ

ಫೋನ್ ಮಾಡಿದೆ. ಮೂರನೆಯ ರಿಂಗಿಗೆ ಎತ್ತಿದ.

"ನಾರ್ಮಾಂ, ನಾನು. ಅವತ್ತು ಪಟ್ಟಿ ಹರೀಲಿಲ್ಲ. ನಾನೇ ಕೈ ಬಿಟ್ಟೆ."

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದು.

"ಗೊತ್ತು ಕಣೋ. ಪಟ್ಟಿ ಹರಿದ್ರೆ ಸದ್ದಾಗತ್ತೆ. ಆಗಲಿಲ್ಲ."

"ಮತ್ತೆ ಯಾಕೆ ಕೇಳಲಿಲ್ಲ ನೀನು?"

"ಭುಜ ಸೋತಿದ್ದಕ್ಕೆ ನನಗೆ ಸಿಟ್ಟಿರಲಿಲ್ಲ, ಪೆದ್ದ. ನೀನೇ ಬಂದು ಹೇಳ್ತೀಯ ಅಂತ ಕಾದೆ. ಒಂಬತ್ತು ವರ್ಷ ಬೇಕಾಯ್ತಾ ನಿನಗೆ?"

ಅತ್ತುಬಿಟ್ಟೆ. ಅವನೂ ಮೂಗು ಒರೆಸಿಕೊಂಡ, ಕೇಳಿಸಿತು. ಚಿತ್ರಗಳ ವಿಷಯ ಹೇಳಿದೆ. "ನೀನು ಚಿತ್ರ ಬರೀತೀಯಾ? ನೋಡ್ಬೇಕು ಅದನ್ನ" ಎಂದ. ನಾಳೆ ಬರುತ್ತಾನಂತೆ. ನಾನೇ ಬರುತ್ತೇನೆ, ನಿನಗೆ ಮೆಟ್ಟಿಲು ಕಷ್ಟ ಎಂದರೆ — "ಮುಚ್ಕೊಂಡು ಮನೇಲಿರು."

ಏಪ್ರಿಲ್ 14, ಭಾನುವಾರ, ಬೆಳಿಗ್ಗೆ 11

ನಲವತ್ತೆಂಟನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದೇನೆ. ಮೂವತ್ತೊಂದು ಮೊದಲು ಇದ್ದಂತೆಯೇ, ಬೆರಳು ಬಿಚ್ಚಿ. ಟ್ಯಾಕ್ಸಿಯ ಬಾಗಿಲು ಹಾಕಿದ ಸದ್ದು. ಕೆಳಗೆ ಕಬ್ಬಿಣದ ಮೆಟ್ಟಿಲು ಗುಂಯ್ ಎಂದಿತು. ಒಂದು ಹೆಜ್ಜೆ... ನಿಂತ. ಇನ್ನೊಂದು... ಮತ್ತೆ ನಿಂತ. ಹದಿನೇಳು ಮೆಟ್ಟಿಲಿವೆ. ಕೆಳಗಿಳಿದು ಕೈ ಹಿಡಿದರೆ ಬೈಯುತ್ತಾನೆ. ಬೈಯಲಿ, ನಾನು ಇಳಿಯುತ್ತೇನೆ.